ನಂಬ್ಯಾಟ್‌ನ ಹಗಲು, ಬಿಲ್ಬಿಯ ರಾತ್ರಿ: ಡ್ರೈಯಾಂಡ್ರಾ ಕಾಡಿಗೆ ಹೋಗುವವರಿಗೆ

ಪಶ್ಚಿಮ ಆಸ್ಟ್ರೇಲಿಯಾದ ರಾಜ್ಯಪ್ರಾಣಿ ನಂಬ್ಯಾಟ್. ಅದನ್ನು ಕಾಡಿನಲ್ಲೇ ನೋಡಬೇಕೆಂದು ಪರ್ತ್‌ನಿಂದ ಡ್ರೈಯಾಂಡ್ರಾಕ್ಕೆ ಹೊರಡುವವರಲ್ಲಿ ಎಷ್ಟೋ ಮಂದಿ ಆ ಕಾಡಿನೊಳಗಿನ ಬಾರ್ನಾ ಮಿಯಾ ಎಂಬ ಬೇಲಿ ಹಾಕಿದ ಪ್ರಾಣಿತಾಣದ ರಾತ್ರಿ ಪ್ರವಾಸಕ್ಕೆ ಟಿಕೆಟ್ ಕಾದಿರಿಸಿಕೊಂಡು ಹೋಗುತ್ತಾರೆ. ಅಲ್ಲಿ ನಂಬ್ಯಾಟ್ ಇಲ್ಲವೆಂದು ತಿಳಿದು ಪೆಚ್ಚಾಗುತ್ತಾರೆ. ನಂಬ್ಯಾಟ್ ಹಗಲಿನ ಪ್ರಾಣಿ. ಕಾಂಗರೂವಿನಂತೆ ಹೊಟ್ಟೆಚೀಲದ ಬಳಗಕ್ಕೆ ಸೇರಿದ ಪ್ರಾಣಿಗಳಲ್ಲಿ ಪೂರ್ತಿ ಹಗಲಿಗೇ ಒಗ್ಗಿಕೊಂಡವು ಬಲು ಕಡಿಮೆ, ಅವುಗಳಲ್ಲಿ ಇದೊಂದು. ಹೊತ್ತು ಮುಳುಗುವ ವೇಳೆಗೆ ಅದು ಬಿಲದೊಳಗೋ ಟೊಳ್ಳು ದಿಮ್ಮಿಯೊಳಗೋ ಸೇರಿ, ತನ್ನ ಹಿಂಭಾಗದ ದಪ್ಪ ಚರ್ಮವನ್ನೇ ಬಾಗಿಲಿಗೆ ಅಡ್ಡವಿಟ್ಟು ಮಲಗಿರುತ್ತದೆ. ಬಾರ್ನಾ ಮಿಯಾದಲ್ಲಿ ಕಾಣುವುದು ಬಿಲ್ಬಿ, ಬೂಡಿ, ವಾಯ್ಲಿ, ಮಾಲಾ, ಕ್ವೆಂಡಾ ಎಂಬ, ಹೊಟ್ಟೆಚೀಲದ ಬಳಗದ್ದೇ ಆದ ಸಣ್ಣ ನಿಶಾಚರಿಗಳು. ಹಾಗಾಗಿ ಡ್ರೈಯಾಂಡ್ರಾಕ್ಕೆ ಹೋಗುವುದಾದರೆ ಒಂದು ಹಗಲು, ಒಂದು ರಾತ್ರಿ ಎರಡನ್ನೂ ಇಟ್ಟುಕೊಳ್ಳಬೇಕು. ರಾತ್ರಿಯ ಪ್ರವಾಸದಲ್ಲಿ ಪ್ರಾಣಿ ಕಾಣುವುದು ಹೆಚ್ಚುಕಡಿಮೆ ಖಾತ್ರಿ, ಏಕೆಂದರೆ ಅಲ್ಲಿ ಬೇಲಿ ಇದೆ. ಹಗಲಿನದರಲ್ಲಿ ಯಾವ ಖಾತ್ರಿಯೂ ಇಲ್ಲ, ಏಕೆಂದರೆ ಅದು ಬಯಲು ಕಾಡು. ಈ ಎರಡರ ನಡುವಿನ ವ್ಯತ್ಯಾಸ ಅರ್ಥವಾದರೆ ಈ ಪ್ರಾಣಿಗಳಿಗೆ ಬಂದಿರುವ ಕುತ್ತು ಏನೆಂಬುದೂ ಅರ್ಥವಾಗುತ್ತದೆ. ಒಳ್ಳೆಯ ಮಾರ್ಗದರ್ಶಿ ಕಲಿಸಬೇಕಾದದ್ದು ಮುಖ್ಯವಾಗಿ ಇದನ್ನೇ.

ಮೊದಲು ಜಾಗದ ಮಾತು. ಡ್ರೈಯಾಂಡ್ರಾ ಪರ್ತ್‌ನಿಂದ ಆಗ್ನೇಯಕ್ಕೆ ಸುಮಾರು 170 ಕಿ.ಮೀ., ಕಾರಿನಲ್ಲಿ ಎರಡು ಗಂಟೆಯ ದಾರಿ. ಹತ್ತಿರದ ಪಟ್ಟಣ ನ್ಯಾರೊಜಿನ್. ಇದು ನೂಂಗಾರ್ ಎಂಬ ಮೂಲನಿವಾಸಿ ಜನಾಂಗದ ವೀಲ್ಮನ್ ಬಳಗದವರ ನೆಲ. ಸುತ್ತಲೂ ಗೋಧಿ ಹೊಲ, ಕುರಿ ಮೇಯುವ ಬಯಲು. ನಡುವೆ ಸುಮಾರು 28,000 ಹೆಕ್ಟೇರ್ ಕಾಡು, ಅದೂ ಒಂದೇ ತುಂಡಾಗಿಲ್ಲ, ಹಲವು ತುಂಡುಗಳಾಗಿ ಹರಡಿಕೊಂಡಿದೆ. 2022ರಲ್ಲಿ ಇದು ಪಶ್ಚಿಮ ಆಸ್ಟ್ರೇಲಿಯಾದ ನೂರನೆಯ ರಾಷ್ಟ್ರೀಯ ಉದ್ಯಾನವಾಯಿತು. ನಮ್ಮಲ್ಲಿ ನೀಲಗಿರಿ ಮರ ಎಂದರೆ ಕಣ್ಣಿಗೆ ಬರುವುದು ಕೋಲಾರ, ಬೆಂಗಳೂರು ಗ್ರಾಮಾಂತರದ ಕಡೆ ಸಾಲಾಗಿ ನೆಟ್ಟ, ಕಡಿದು ಮತ್ತೆ ಚಿಗುರಿಸಿದ ತೋಪು. ಡ್ರೈಯಾಂಡ್ರಾದ ವಾಂಡೂ, ಪೌಡರ್‌ಬಾರ್ಕ್ ಮರಗಳೂ ಅದೇ ನೀಲಗಿರಿಯ ಜಾತಿಗೆ ಸೇರಿದವೇ. ಆದರೆ ಅಲ್ಲಿ ಅವು ಹುಟ್ಟಿದ ನೆಲದಲ್ಲಿ, ತಮ್ಮ ವಯಸ್ಸಿಗೆ ತಾವು ಬೆಳೆದು, ಒಳಗಿಂದ ಟೊಳ್ಳಾಗಿ, ಕೊಂಬೆ ಉದುರಿಸುತ್ತಾ ನಿಂತಿವೆ. ಕಾಡಿನ ನಡುವೆ ಮ್ಯಾಲೆಟ್ ಎಂಬ ಇನ್ನೊಂದು ನೀಲಗಿರಿಯ ನೆಟ್ಟ ತೋಪುಗಳೂ ಇವೆ. ಅದರ ತೊಗಟೆಯಲ್ಲಿ ಚರ್ಮ ಹದ ಮಾಡುವ ಟ್ಯಾನಿನ್ ಹೇರಳವಾಗಿರುವುದರಿಂದ ಹಿಂದಿನ ಅರಣ್ಯ ಇಲಾಖೆ ಅದನ್ನು ಬೆಳೆಸಿತ್ತು. ಆ ಕಾಲದ ಕೆಲಸಗಾರರ ಮನೆಗಳೇ ಈಗ ಪ್ರವಾಸಿಗರು ತಂಗುವ ಡ್ರೈಯಾಂಡ್ರಾ ವಿಲೇಜ್.

ನಂಬ್ಯಾಟ್ ಹುಡುಕಬೇಕಾದರೆ ಮರ ನೋಡಬಾರದು, ಬಿದ್ದ ಮರ ನೋಡಬೇಕು. ವಾಂಡೂ ಮರದ ತಿರುಳನ್ನು ಗೆದ್ದಲು ತಿನ್ನುತ್ತದೆ, ಕೊಂಬೆ ಒಳಗೇ ಕೊಳವೆಯಾಗುತ್ತದೆ, ಬೆಂಕಿಗೋ ಗಾಳಿಗೋ ಕಳಚಿ ನೆಲಕ್ಕೆ ಬೀಳುತ್ತದೆ. ಆ ಟೊಳ್ಳು ದಿಮ್ಮಿ ನಂಬ್ಯಾಟ್‌ಗೆ ಮನೆ, ಹದ್ದು ಬಂದಾಗ ನುಗ್ಗುವ ಆಸರೆ, ಬಿಸಿಲು ಕಾಯಿಸುವ ಜಗಲಿ. ಗೆದ್ದಲೋ, ಅದರ ಊಟ. ಒಂದು ದೊಡ್ಡ ನಂಬ್ಯಾಟ್ ದಿನಕ್ಕೆ 20,000ದವರೆಗೆ ಗೆದ್ದಲು ತಿನ್ನುತ್ತದೆ, ಬೇರೆ ಆಹಾರವೇ ಇಲ್ಲ ಎನ್ನಬಹುದು. ಊಟ ಮತ್ತು ಮನೆ ಎರಡನ್ನೂ ಒದಗಿಸುವುದು ಒಂದೇ ಹುಳು. ಅದಕ್ಕೇ ಡ್ರೈಯಾಂಡ್ರಾದಲ್ಲಿ ಶಿಬಿರದ ಬೆಂಕಿಗೆಂದು ಕಾಡಿನ ಒಣ ಸೌದೆ ಎತ್ತಬಾರದು. ನಿಮ್ಮ ಕಣ್ಣಿಗೆ ಅದು ಸತ್ತ ಕಟ್ಟಿಗೆ, ಆದರೆ ಅಂಥದೊಂದು ಟೊಳ್ಳು ಮತ್ತೆ ಆಗಬೇಕಾದರೆ ಒಂದು ಮರ ಮುದಿಯಾಗಬೇಕು.

ಪ್ರಾಣಿಯ ಗಾತ್ರದ ಬಗ್ಗೆ ಮೊದಲೇ ಮನಸ್ಸು ಸಿದ್ಧವಾಗಿರಲಿ. ಚಿತ್ರಗಳಲ್ಲಿ ಅದು ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಬಾಲ ಬಿಟ್ಟು ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು, ತೂಕ ಅರ್ಧ ಕಿಲೋ ಆಸುಪಾಸು. ಮುಂಭಾಗ ಕೆಂಪು ಮಿಶ್ರಿತ ಕಂದು, ಹಿಂಭಾಗ ಕಪ್ಪಾಗುತ್ತಾ ಅಡ್ಡಡ್ಡ ಬಿಳಿ ಪಟ್ಟೆ, ಮೂತಿಯಿಂದ ಕಣ್ಣಿನ ಮೇಲೆ ಹಾದು ಕಿವಿಯವರೆಗೆ ಒಂದು ಕಪ್ಪು ಗೆರೆ. ಬಯಲಲ್ಲಿ ಎದ್ದು ಕಾಣುವಂತಿರುವ ಈ ಪಟ್ಟೆಗಳು, ವಾಂಡೂ ಕೊಂಬೆಗಳ ನೆರಳು ಬಿದ್ದ ನೆಲದ ಮೇಲೆ ಪೂರ್ತಿ ಕರಗಿಹೋಗುತ್ತವೆ. ಅಲುಗಾಡದೆ ನಿಂತ ನಂಬ್ಯಾಟ್ ಹತ್ತು ಮೀಟರ್ ದೂರದಲ್ಲಿದ್ದರೂ ಕಾಣುವುದಿಲ್ಲ. ಕಣ್ಣಿಗೆ ಸಿಗುವುದು ಅದರ ಓಟ, ಅಥವಾ ಬಾಲ. ಹೆದರಿದಾಗ, ಕೆರಳಿದಾಗ ಬಾಲದ ಕೂದಲು ಬಾಟಲಿ ತೊಳೆಯುವ ಬ್ರಷ್‌ನಂತೆ ನಿಗುರಿ ನಿಲ್ಲುತ್ತದೆ.

ಇನ್ನು ಹೊತ್ತು. ಹಗಲಿನ ಪ್ರವಾಸ ಸೋಲುವುದು ಹೆಚ್ಚಾಗಿ ಇಲ್ಲೇ. ವನ್ಯಜೀವಿ ನೋಡುವವರು ಬೆಳಗಿನ ಜಾವವೇ ಒಳ್ಳೆಯದು ಎಂದುಕೊಂಡಿರುತ್ತಾರೆ. ನಾಗರಹೊಳೆ, ಬಂಡೀಪುರದ ಸಫಾರಿಗೆ ಅದು ಸರಿ. ನಂಬ್ಯಾಟ್ ವಿಷಯದಲ್ಲಿ ಗಡಿಯಾರ ಗೆದ್ದಲಿನ ಕೈಯಲ್ಲಿದೆ. ಇರುವೆಭಕ್ಷಕಗಳಂತೆ, ನಮ್ಮ ಕರಡಿಯಂತೆ ಹುತ್ತ ಒಡೆಯುವ ಬಲ ಇದರ ಉಗುರಿಗಿಲ್ಲ. ನೆಲದ ಮೇಲ್ಪದರದಲ್ಲಿ, ಕೆಲವೇ ಸೆಂಟಿಮೀಟರ್ ಆಳದಲ್ಲಿ, ಗೆದ್ದಲು ಹುತ್ತದಿಂದ ಆಹಾರದ ಕಡೆಗೆ ಹೋಗಿಬರುವ ಸುರಂಗಗಳಿರುತ್ತವೆ. ನಂಬ್ಯಾಟ್ ಮೂಸಿ, ಮಣ್ಣನ್ನು ಒಂದಿಷ್ಟು ಕೆರೆದು, ಸುಮಾರು 10 ಸೆಂ.ಮೀ. ಉದ್ದದ ತೆಳು ನಾಲಿಗೆಯನ್ನು ಆ ಸುರಂಗದೊಳಗೆ ಬಿಟ್ಟು ಹುಳು ಎಳೆದುಕೊಳ್ಳುತ್ತದೆ. ಬಾಯಲ್ಲಿ ಐವತ್ತರಷ್ಟು ಹಲ್ಲುಗಳಿದ್ದರೂ ಅವು ಮೊಳಕೆಯಂಥವು, ಅಗಿಯುವ ಕೆಲಸಕ್ಕೆ ಬರುವುದಿಲ್ಲ. ಮಣ್ಣು ತಣ್ಣಗಿದ್ದರೆ ಗೆದ್ದಲು ಆಳಕ್ಕೆ ಇಳಿಯುತ್ತದೆ, ಮೇಲಿನ ಸುರಂಗ ಖಾಲಿ. ಸುಡುವ ಮಧ್ಯಾಹ್ನದಲ್ಲೂ ಹಾಗೆಯೇ.

ಆದ್ದರಿಂದ ಜೂನ್, ಜುಲೈ, ಆಗಸ್ಟ್‌ನ ಚಳಿಗಾಲದಲ್ಲಿ ಬೆಳಗ್ಗೆ ಆರಕ್ಕೆ ಕಾಡಿಗೆ ಹೋಗುವುದು ವ್ಯರ್ಥ. ಬಿಸಿಲೇರಿ ಮಣ್ಣು ಕಾಯುವ ಒಂಬತ್ತು ಹತ್ತರ ಮೇಲೆ ಶುರುಮಾಡಿ, ಮಧ್ಯಾಹ್ನ ಮೂರರ ತನಕ ಹುಡುಕಬೇಕು. ಡಿಸೆಂಬರ್, ಜನವರಿಯ ಬೇಸಿಗೆಯಲ್ಲಿ ಲೆಕ್ಕ ತಿರುವುಮುರುವು: ಬೆಳಗಾದ ಮೇಲಿನ ಕೆಲವು ಗಂಟೆ, ಮತ್ತೆ ಸಂಜೆ ಬಿಸಿಲಿಳಿದ ಮೇಲೆ. ನಡುಹಗಲಲ್ಲಿ ಅದು ದಿಮ್ಮಿಯೊಳಗೆ ಮಲಗಿರುತ್ತದೆ. ಮಳೆ ಹಿಡಿದ ದಿನ, ಗಾಳಿ ಜೋರಾಗಿರುವ ದಿನ ಬೇರೆ ಕೆಲಸ ನೋಡಿಕೊಳ್ಳುವುದು ಒಳ್ಳೆಯದು. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗಿನ ಕಾಲವೇ ಉತ್ತಮ. ಕಾಡುಹೂವು ಅರಳಿರುತ್ತವೆ, ಹಗಲೆಲ್ಲ ಹದವಾದ ಬಿಸಿಲು, ಮತ್ತು ಮರಿಗಳು ಬಿಲದಿಂದ ಹೊರಗೆ ಬರುವ ಸಮಯ.

ಮರಿಗಳ ಕತೆಯನ್ನು ಮಾರ್ಗದರ್ಶಿ ಬಿಡಿಸಿ ಹೇಳಿದರೆ ಪ್ರವಾಸಕ್ಕೊಂದು ಗಟ್ಟಿತನ ಬರುತ್ತದೆ. ಹೊಟ್ಟೆಚೀಲದ ಬಳಗಕ್ಕೆ ಸೇರಿದ್ದರೂ ನಂಬ್ಯಾಟ್‌ಗೆ ಚೀಲವೇ ಇಲ್ಲ. ಬೇಸಿಗೆಯ ನಡುವೆ ಕೂಡಿ, ಎರಡು ವಾರದ ಬಸಿರಿನ ನಂತರ ಹುಟ್ಟುವ ಮರಿಗಳು ತಾಯಿಯ ನಾಲ್ಕು ಮೊಲೆಗಳಿಗೆ ಕಚ್ಚಿಕೊಂಡು, ಹೊಟ್ಟೆಯ ಗುಂಗುರು ಕೂದಲಿನ ಮರೆಯಲ್ಲಿ ಬೆಳೆಯುತ್ತವೆ. ಚಳಿಗಾಲ ಕಳೆಯುವ ಹೊತ್ತಿಗೆ ಅವುಗಳ ಭಾರಕ್ಕೆ ತಾಯಿಯ ಹೊಟ್ಟೆ ನೆಲ ಮುಟ್ಟುವಂತಾಗುತ್ತದೆ. ಜುಲೈ ಆಗಸ್ಟ್‌ನಲ್ಲಿ ಅವನ್ನು ಬಿಲದಲ್ಲಿ ಬಿಟ್ಟು ಮೇಯಲು ಹೋಗತೊಡಗುತ್ತದೆ. ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ನಾಲ್ಕೂ ಮರಿ ಬಿಲದ ಬಾಯಲ್ಲಿ ಬಿಸಿಲು ಕಾಯಿಸುತ್ತಾ, ಒಂದರ ಮೇಲೊಂದು ಬಿದ್ದು ಆಡುತ್ತವೆ. ಇಂಥ ಬಿಲ ಕಂಡರೆ ದೂರದಲ್ಲೇ ನಿಲ್ಲಬೇಕು, ಕಾರಿನಿಂದ ಇಳಿಯದಿದ್ದರೆ ಇನ್ನೂ ಒಳ್ಳೆಯದು. ಹತ್ತಿರ ಹೋಗಿ ಹೆದರಿಸಿದರೆ ತಾಯಿ ಮರಿಗಳನ್ನು ಬೇರೆ ಕಡೆಗೆ ಸಾಗಿಸಬೇಕಾಗಬಹುದು, ಆ ಓಡಾಟದಲ್ಲೇ ಹದ್ದಿನ ಕಣ್ಣಿಗೆ ಬೀಳುತ್ತವೆ. ಬಿಲದ ಜಾಗವನ್ನು ಫೋಟೋದ ಜೊತೆ ಜಾಲತಾಣಗಳಲ್ಲಿ ಹಾಕಬಾರದು. ಮಾರನೆಯ ವಾರಾಂತ್ಯ ಅಲ್ಲಿ ಹತ್ತು ಕಾರು ನಿಂತಿರುತ್ತವೆ. ಬೇಸಿಗೆ ಬರುತ್ತಲೇ ಮರಿಗಳು ತಾಯಿಯ ನೆಲ ಬಿಟ್ಟು ಹೊಸ ಜಾಗ ಹುಡುಕಿ ಹೊರಡುತ್ತವೆ. ಒಂದು ಹೆಣ್ಣಿಗೆ ಹತ್ತಾರು ಹೆಕ್ಟೇರ್ ಕಾಡು ಬೇಕು, ಇನ್ನೊಂದು ಹೆಣ್ಣನ್ನು ಅದು ಒಳಗೆ ಬಿಟ್ಟುಕೊಳ್ಳುವುದಿಲ್ಲ. ತುಂಡು ತುಂಡಾದ ಕಾಡಿನಲ್ಲಿ ಈ ಹೊರಡುವಿಕೆಯೇ ಅಪಾಯದ ಹೊತ್ತು. ಗೋಧಿ ಹೊಲ ದಾಟಬೇಕು, ರಸ್ತೆ ದಾಟಬೇಕು, ಅಲ್ಲಿ ಅಡಗಲು ದಿಮ್ಮಿಯಿಲ್ಲ.

ಹುಡುಕುವ ಕ್ರಮ ಸರಳ, ತಾಳ್ಮೆ ಮಾತ್ರ ಬೇಕು. ಕಾಡಿನ ಮಣ್ಣುರಸ್ತೆಯಲ್ಲಿ ಗಂಟೆಗೆ 15–20 ಕಿ.ಮೀ. ವೇಗ ಮೀರದೆ ಹೋಗಬೇಕು. ಓಡಿಸುವವರು ರಸ್ತೆ ಮಾತ್ರ ನೋಡಬೇಕು, ಎಡಕ್ಕೊಬ್ಬರು ಬಲಕ್ಕೊಬ್ಬರು ಕಾಡು ನೋಡಬೇಕು. ನೋಟ ರಸ್ತೆಯಂಚಿನಿಂದ 30–40 ಮೀಟರ್ ಒಳಗೆ, ನೆಲದ ಮಟ್ಟದಲ್ಲಿ, ಒಂದು ದಿಮ್ಮಿಯಿಂದ ಮುಂದಿನ ದಿಮ್ಮಿಗೆ ಹರಿಯಬೇಕು. ಇಲಾಖೆಯವರೂ ಸ್ವಯಂಸೇವಕರೂ ಗಣತಿಗೆ ಓಡಿಸುವುದು ಹೀಗೆಯೇ. ಏನೋ ಸರಿದಂತಾದರೆ ಕಾರು ಗಕ್ಕನೆ ನಿಲ್ಲಿಸಬಾರದು, ಅದೇ ವೇಗದಲ್ಲಿ ಸ್ವಲ್ಪ ಮುಂದೆ ಹೋಗಿ ಎಂಜಿನ್ ಆರಿಸಿ. ಬಾಗಿಲು ಬಡಿಯಬೇಡಿ. ದಿಮ್ಮಿಯೊಳಗೆ ನುಗ್ಗಿದ ನಂಬ್ಯಾಟ್ ಬಹಳ ಸಲ ಹತ್ತು ಇಪ್ಪತ್ತು ನಿಮಿಷದಲ್ಲಿ ಮೂತಿ ಹೊರಗಿಟ್ಟು ನೋಡುತ್ತದೆ. ಅಲ್ಲಿಯತನಕ ಕೂತು ಕಾಯುವವರಿಗೆ ಅದು ಸಿಗುತ್ತದೆ. ದಿಮ್ಮಿ ಬಡಿದು, ಇನ್ನೊಂದು ಬದಿಯಿಂದ ಟಾರ್ಚ್ ಬಿಟ್ಟು ಹೊರಗೆಬ್ಬಿಸುವವರನ್ನು ಮಾರ್ಗದರ್ಶಿ ಎಂದು ಕರೆಯಲು ನಾನು ಒಪ್ಪುವುದಿಲ್ಲ. ಎಂಟು ಪಟ್ಟು ದೊಡ್ಡದು ಮಾಡಿ ತೋರಿಸುವ 8×42 ಬೈನಾಕ್ಯುಲರ್ ಸಾಕು. ಹೆಚ್ಚು ದೊಡ್ಡದು ಮಾಡುವ ಬೈನಾಕ್ಯುಲರ್‌ನಲ್ಲಿ ಕೈ ನಡುಗಿ, ನೋಟದ ಹರವು ಕಿರಿದಾಗಿ, ಓಡುವ ಪ್ರಾಣಿ ತಪ್ಪಿಹೋಗುತ್ತದೆ.

ನಡೆದು ಹೋಗುವಾಗ ನೆಲ ಓದುವುದನ್ನು ಕಲಿಯಬಹುದು. ಎಕಿಡ್ನಾ ಎಂಬ ಮುಳ್ಳುಮೈಯ ಪ್ರಾಣಿ ಹುತ್ತವನ್ನೇ ಒಡೆದು ಮಣ್ಣು ರಾಶಿ ಹಾಕಿರುತ್ತದೆ. ವಾಯ್ಲಿ, ಕ್ವೆಂಡಾ ತೋಡಿದ್ದು ಕೊಳಗದಂತೆ ಆಳವಾಗಿ ಇಳಿಯುವ ಗುಂಡಿ. ನಂಬ್ಯಾಟ್ ಕೆರೆದದ್ದು ಸಣ್ಣದು, ಆಳವಿಲ್ಲದ್ದು, ಹತ್ತಿರ ಹತ್ತಿರ ಹಲವು. ಈ ಗುರುತು ಬಲ್ಲವರಿಗೆ ಪ್ರಾಣಿ ಕಾಣದ ದಿನವೂ ಕಾಡು ಖಾಲಿಯೆನಿಸುವುದಿಲ್ಲ. ಸಫಾರಿ ಮುಗಿಸಿ ಬಂದವರನ್ನು ನಮ್ಮ ಕಡೆ ಮೊದಲು ಕೇಳುವುದೇ "ಸೈಟಿಂಗ್ ಆಯ್ತಾ?" ಎಂದು. ಆ ಒಂದೇ ಪ್ರಶ್ನೆಗೆ ಉತ್ತರ ಕೊಡಲು ಹೋದ ಪ್ರವಾಸಗಳೇ ಎಲ್ಲ ಕಡೆಯೂ ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗುವುದಕ್ಕೆ ಇಳಿಯುತ್ತವೆ. ಡ್ರೈಯಾಂಡ್ರಾದ ಹಗಲಿನ ನಡಿಗೆಗೆ ಹಣ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆಯೂ ಇದೇ: ಕಾಣದಿದ್ದರೆ ಏನು ತೋರಿಸುತ್ತೀರಿ? ಕೆರೆದ ಗುರುತು, ಹಿಕ್ಕೆ, ದಿಮ್ಮಿ, ಗೆದ್ದಲಿನ ಸುರಂಗ ಎಂದು ಉತ್ತರ ಬಂದರೆ ಹೋಗಿ. ಖಂಡಿತ ಕಾಣಿಸುತ್ತೇವೆ ಎಂದರೆ ಬೇಡ.

ಈಗ ರಾತ್ರಿ. ಬಾರ್ನಾ ಮಿಯಾ ರಾಜ್ಯದ ಉದ್ಯಾನ ಮತ್ತು ವನ್ಯಜೀವಿ ಇಲಾಖೆ ನಡೆಸುವ ತಾಣ. ನರಿ, ಬೆಕ್ಕು ನುಸುಳಲಾರದ ಬೇಲಿಯೊಳಗೆ ತಲಾ ನಾಲ್ಕು ಹೆಕ್ಟೇರ್‌ನ ಎರಡು ಆವರಣಗಳು. ಪ್ರವಾಸ ಕತ್ತಲಾಗುವಾಗ ಶುರುವಾಗುತ್ತದೆ, ಆದ್ದರಿಂದ ಸಮಯ ಋತುವಿನಿಂದ ಋತುವಿಗೆ ಬದಲಾಗುತ್ತದೆ. ಪ್ರತಿ ದಿನ ಇರುವುದಿಲ್ಲ, ಜಾಗವೂ ಸೀಮಿತ. ಮೊದಲೇ ಕಾದಿರಿಸಿ, ಹೊರಡುವ ಮುನ್ನ ಆ ದಿನ ನಡೆಯುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಕಟ್ಟಡದೊಳಗೆ ಚಿಕ್ಕ ಪರಿಚಯ, ನಂತರ ಕೆಂಪು ಬೆಳಕಿನ ಟಾರ್ಚ್ ಹಿಡಿದು ಸಾಲಾಗಿ ನಡಿಗೆ, ಮೇವು ಇಟ್ಟ ಜಾಗಗಳಲ್ಲಿ ನಿಲುಗಡೆ.

ಕೆಂಪು ಬೆಳಕೇಕೆಂದರೆ, ನಿಶಾಚರಿಗಳ ಕಣ್ಣು ಮಂದ ಬೆಳಕಿಗೆ ಹೊಂದಿಕೊಂಡದ್ದು, ಕೆಂಪನ್ನು ಅಷ್ಟಾಗಿ ಗ್ರಹಿಸುವುದಿಲ್ಲ. ಬಿಳಿ ಟಾರ್ಚ್ ಬಿದ್ದರೆ ಎಷ್ಟೋ ಹೊತ್ತು ಅವುಗಳಿಗೆ ಕುರುಡು ಕವಿದಂತಾಗುತ್ತದೆ, ಆ ಹೊತ್ತಿನಲ್ಲಿ ಓಡಿದರೆ ಬೇಲಿಗೋ ಮರಕ್ಕೋ ಬಡಿದುಕೊಳ್ಳುತ್ತವೆ. ತುಮಕೂರಿನ ದೇವರಾಯನದುರ್ಗದ ಸುತ್ತ ಕಾಡುಪಾಪ ಹುಡುಕುವವರು ಕೆಂಪು ಬೆಳಕನ್ನೇ ಬಳಸುವುದೂ ಇದಕ್ಕೇ. ಮೊಬೈಲ್ ಪರದೆಯ ಬೆಳಕೂ ಬಿಳಿ ಟಾರ್ಚೇ ಎಂಬುದನ್ನು ಜನ ಮರೆಯುತ್ತಾರೆ. ಒಬ್ಬರು ಸಮಯ ನೋಡಲು ಫೋನ್ ತೆಗೆದರೂ ಎದುರಿನ ಬಿಲ್ಬಿ ಪೊದೆ ಸೇರುತ್ತದೆ. ಫ್ಲ್ಯಾಶ್ ಅಂತೂ ಕೂಡದು. ನಿಮ್ಮ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲೂ ಇಪ್ಪತ್ತು ನಿಮಿಷ ಬೇಕು, ಅದಕ್ಕೇ ಮೊದಲ ನಿಲುಗಡೆಯಲ್ಲಿ ಏನೂ ಕಾಣಲಿಲ್ಲವೆಂದು ಗೊಣಗಬಾರದು. ಗರಗರ ಸದ್ದು ಮಾಡುವ ಪ್ಲಾಸ್ಟಿಕ್ ಜಾಕೆಟ್ ಬದಲು ಉಣ್ಣೆಯದು ಹಾಕಿಕೊಳ್ಳಿ. ಚಳಿಗಾಲದ ರಾತ್ರಿ ಅಲ್ಲಿ ಹಿಮ ಕಟ್ಟುವಷ್ಟು ತಣ್ಣಗಾಗುತ್ತದೆ, ನಿಂತೇ ಇರುವುದರಿಂದ ಚಳಿ ಕಾಲಿನಿಂದ ಏರುತ್ತದೆ.

ಎದುರು ಬರುವ ಪ್ರಾಣಿಗಳು ಒಂದೊಂದೂ ಒಂದೊಂದು ಬಗೆ. ಬೂಡಿ, ಕಾಂಗರೂವಿನ ಹತ್ತಿರದ ನಂಟರಲ್ಲಿ ಬಿಲ ತೋಡಿ ವಾಸಿಸುವ ಏಕೈಕ ಜಾತಿ. ಒಂದು ಕಾಲಕ್ಕೆ ಖಂಡದ ಬಹುಭಾಗದಲ್ಲಿದ್ದದ್ದು, ಮುಖ್ಯ ನೆಲದಿಂದ ಪೂರ್ತಿ ಅಳಿದು, ಪಶ್ಚಿಮ ಕರಾವಳಿಯ ಕೆಲವು ದ್ವೀಪಗಳಲ್ಲಷ್ಟೇ ಉಳಿಯಿತು. ಅಳುಕು ಕಡಿಮೆ, ಬೂಟಿನ ಹತ್ತಿರಕ್ಕೇ ಬಂದುಬಿಡುತ್ತದೆ. ಮುಟ್ಟಬಾರದು, ಕಾಲನ್ನೂ ಎತ್ತಿ ಇಡಬಾರದು. ಬಿಲ್ಬಿ ಮೊಲದಂಥ ಉದ್ದ ಕಿವಿಯದು, ಸುರುಳಿಯಾಗಿ ಎರಡು ಮೀಟರ್ ಆಳದವರೆಗೆ ಬಿಲ ತೋಡುತ್ತದೆ. ಅದರ ಹೊಟ್ಟೆಚೀಲದ ಬಾಯಿ ಹಿಂದಕ್ಕೆ ತೆರೆದಿರುವುದರಿಂದ ತೋಡುವಾಗ ಮಣ್ಣು ಮರಿಯ ಮೇಲೆ ಬೀಳುವುದಿಲ್ಲ. ಮಾಲಾ ಮೊಲದ ಗಾತ್ರದ ಪುಟ್ಟ ಕಾಂಗರೂ, ಅದರ ಕತೆ ಕೇಳಿದರೆ ಹೊಟ್ಟೆ ಕಲಕುತ್ತದೆ. ಮುಖ್ಯ ನೆಲದಲ್ಲಿ ಉಳಿದಿದ್ದ ಕಾಡಿನ ಗುಂಪುಗಳು ಟನಾಮಿ ಮರುಭೂಮಿಯಲ್ಲಿ ಎರಡೇ. 1987ರಲ್ಲಿ ಒಂದು ಗುಂಪು ನರಿಗೆ ಬಲಿಯಾಯಿತು, 1991ರಲ್ಲಿ ಇನ್ನೊಂದು ಕಾಳ್ಗಿಚ್ಚಿಗೆ. ಅದಕ್ಕೂ ಮೊದಲೇ ಕೆಲವನ್ನು ಹಿಡಿದು ಸಾಕಿದ್ದರಿಂದ ಈಗ ನೋಡಲು ಸಿಗುತ್ತಿವೆ.

ವಾಯ್ಲಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಒಂದೂವರೆ ಕಿಲೋ ತೂಗದ ಈ ಪ್ರಾಣಿ ನೆಲದಡಿಯ ಅಣಬೆ ಹುಡುಕುತ್ತಾ ರಾತ್ರಿಯೆಲ್ಲ ತೋಡುತ್ತದೆ. ಒಂದೊಂದು ವಾಯ್ಲಿ ವರ್ಷಕ್ಕೆ ಟನ್‌ಗಟ್ಟಲೆ ಮಣ್ಣು ತಿರುವಿಹಾಕುತ್ತದೆ. ಆ ಗುಂಡಿಗಳಲ್ಲಿ ಮಳೆ ನೀರು ಇಂಗುತ್ತದೆ, ತರಗೆಲೆ ಸೇರಿ ಗೊಬ್ಬರವಾಗುತ್ತದೆ, ಬೀಜ ಮೊಳೆಯುತ್ತದೆ. ಹಿಕ್ಕೆಯ ಮೂಲಕ ಹರಡುವ ಅಣಬೆಯ ಬೀಜಕಣಗಳು ಮರದ ಬೇರಿಗೆ ಆಸರೆ. ನರಿ ನಿಯಂತ್ರಣದಿಂದ ವಾಯ್ಲಿಗಳ ಸಂಖ್ಯೆ ಎಷ್ಟು ಚೇತರಿಸಿಕೊಂಡಿತೆಂದರೆ 1996ರಲ್ಲಿ ಅದನ್ನು ಅಪಾಯದ ಪಟ್ಟಿಯಿಂದಲೇ ತೆಗೆದರು. ಸಂರಕ್ಷಣೆಯ ದೊಡ್ಡ ಗೆಲುವೆಂದು ಎಲ್ಲರೂ ಕೊಂಡಾಡಿದರು. ಅದಾಗಿ ಕೆಲವೇ ವರ್ಷಗಳಲ್ಲಿ, 1999ರಿಂದೀಚೆಗೆ, ಸಂಖ್ಯೆ ಕುಸಿಯಿತು. ನೂರಕ್ಕೆ ತೊಂಬತ್ತರಷ್ಟು ಹೋದವು. ಮತ್ತೆ ಪಟ್ಟಿಗೆ ಸೇರಿಸಬೇಕಾಯಿತು.

ಆದದ್ದೇನು ಎಂದು ತಿಳಿಯಬೇಕಾದರೆ ಬೇಲಿಯ ಹೊರಗಿನ ಮಾತಿಗೆ ಬರಬೇಕು. ಯುರೋಪಿನಿಂದ ಬೇಟೆಯ ಶೋಕಿಗೆಂದು ತಂದ ಕೆಂಪು ನರಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಶ್ಚಿಮಕ್ಕೂ ತಲುಪಿತು. ವಲಸಿಗರ ಜೊತೆ ಬಂದ ಬೆಕ್ಕು ಅದಕ್ಕೂ ಮೊದಲೇ ಕಾಡು ಸೇರಿತ್ತು. ನ್ಯೂ ಸೌತ್ ವೇಲ್ಸ್‌ನ ಪಶ್ಚಿಮ ಭಾಗದವರೆಗೆ ಹರಡಿದ್ದ ನಂಬ್ಯಾಟ್, 1970ರ ದಶಕದ ಕೊನೆಗೆ ಡ್ರೈಯಾಂಡ್ರಾ ಮತ್ತು ದಕ್ಷಿಣದ ಪೆರಪ್ ಎಂಬ ಎರಡೇ ಕಡೆ ಉಳಿದಿತ್ತು. ಅಲ್ಲೇ ಯಾಕೆ ಉಳಿಯಿತು ಎಂಬ ಪ್ರಶ್ನೆಗೆ ಒಂದು ಗಿಡವೂ ಉತ್ತರದ ಭಾಗ. ಗ್ಯಾಸ್ಟ್ರೊಲೋಬಿಯಂ ಎಂಬ ಅವರೆ ಕುಟುಂಬದ ಪೊದೆ ಆ ಕಾಡುಗಳಲ್ಲಿ ದಟ್ಟವಾಗಿ ಬೆಳೆಯುತ್ತದೆ. ಅದರಲ್ಲಿರುವ ಫ್ಲೋರೊಅಸಿಟೇಟ್ ಕುರಿ, ನಾಯಿ, ನರಿಗಳಿಗೆ ಕಡುವಿಷ. ಸಾವಿರಾರು ವರ್ಷ ಆ ಗಿಡದ ಜೊತೆಯೇ ಬಾಳಿದ ನೈಋತ್ಯದ ಸ್ಥಳೀಯ ಪ್ರಾಣಿಗಳಿಗೆ ಅದನ್ನು ತಾಳಿಕೊಳ್ಳುವ ಶಕ್ತಿ ಬಂದಿದೆ. ಅದೇ ರಾಸಾಯನಿಕವನ್ನು ತಯಾರಿಸಿ, 1080 ಎಂಬ ಹೆಸರಿನಲ್ಲಿ ಒಣಮಾಂಸದ ಆಮಿಷಕ್ಕೆ ಸೇರಿಸಿ ನರಿಗಳಿಗೆ ಇಡುತ್ತಾರೆ. ಆ ಗಿಡದ ಚರಿತ್ರೆಯೇ ಇಲ್ಲದ ಕಡೆ ಸ್ಥಳೀಯ ಪ್ರಾಣಿಗಳಿಗೆ ಈ ರಕ್ಷಣೆ ಇರುವುದಿಲ್ಲ. ಗೆದ್ದಲು ಬಿಟ್ಟು ಬೇರೇನೂ ಮುಟ್ಟದ ನಂಬ್ಯಾಟ್ ಆ ಮಾಂಸಕ್ಕೆ ಬಾಯಿ ಹಾಕುವುದೂ ಇಲ್ಲ. 1980ರ ದಶಕದಲ್ಲಿ ಡ್ರೈಯಾಂಡ್ರಾದಲ್ಲಿ ಪ್ರಯೋಗವಾಗಿ ಶುರುವಾದ ನರಿ ನಿಯಂತ್ರಣದಿಂದ ನಂಬ್ಯಾಟ್‌ಗಳು ಹೆಚ್ಚಿದವು. 1996ರಲ್ಲಿ ವೆಸ್ಟರ್ನ್ ಶೀಲ್ಡ್ ಎಂಬ ಯೋಜನೆಯಾಗಿ ಅದು ರಾಜ್ಯದ ದೊಡ್ಡ ಭಾಗಕ್ಕೆ ಹಬ್ಬಿತು.

ಆಮೇಲೆ ಬೆಕ್ಕು ಬಂತು. ನಿಜದಲ್ಲಿ ಅದು ಮೊದಲಿಂದಲೂ ಇತ್ತು, ನರಿಯ ಭಯದಲ್ಲಿತ್ತು. ನರಿ ಕಡಿಮೆಯಾದಂತೆ ಅದಕ್ಕೆ ಮೈದಾನ ಸಿಕ್ಕಿತು. ಆಮಿಷದ ಉಪಾಯ ಬೆಕ್ಕಿನ ಮೇಲೆ ಅಷ್ಟಾಗಿ ನಡೆಯುವುದಿಲ್ಲ, ಅದಕ್ಕೆ ಓಡುವ ಬೇಟೆಯೇ ರುಚಿ. ಸತ್ತ ಮಾಂಸಕ್ಕೆ ಬಾಯಿ ಹಾಕುವುದು ಹಸಿವು ಮೀರಿದಾಗ ಮಾತ್ರ. ಹೀಗಾಗಿ ಬೆಕ್ಕಿಗೆಂದೇ ತಯಾರಿಸಿದ ಆಮಿಷವನ್ನೂ ಮೊಲದ ಮರಿ, ಓತಿ, ಹಲ್ಲಿ ಕಡಿಮೆಯಿರುವ ಕಾಲ ನೋಡಿ ಇಡಬೇಕು. ಮಳೆ ಬಿದ್ದರೆ ವಿಷ ತೊಳೆದುಹೋಗುತ್ತದೆ, ಇರುವೆ ಮುತ್ತಿದರೆ ಬೆಕ್ಕು ಮೂಸುವುದಿಲ್ಲ. ಅದಕ್ಕೇ ಬೋನು, ಕ್ಯಾಮೆರಾ ಎಲ್ಲವನ್ನೂ ಜೊತೆಗೂಡಿಸಿ ವರ್ಷವಿಡೀ ಕೆಲಸ ಮಾಡಬೇಕಾಗುತ್ತದೆ. 1990ರ ದಶಕದ ಆರಂಭದಲ್ಲಿ ಡ್ರೈಯಾಂಡ್ರಾದಲ್ಲಿ ನೂರಾರು ಇದ್ದ ನಂಬ್ಯಾಟ್‌ಗಳು ಎರಡು ದಶಕಗಳಲ್ಲಿ ಹತ್ತಾರಕ್ಕೆ ಇಳಿದವು. ಕುತ್ತಿಗೆಗೆ ರೇಡಿಯೋ ಪಟ್ಟಿ ಹಾಕಿದ ನಂಬ್ಯಾಟ್‌ಗಳ ಜಾಡು ಹಿಡಿದು ಹೋದವರಿಗೆ ಸಿಕ್ಕ ದೇಹಗಳ ಮೇಲೆ ಬೆಕ್ಕಿನ ಗುರುತುಗಳಿದ್ದವು. ಬೆಕ್ಕಿನ ನಿಯಂತ್ರಣ ಬಿಗಿಯಾದ ಮೇಲೆ, ಇತ್ತೀಚಿನ ವರ್ಷಗಳಲ್ಲಿ, ಅವು ಕಣ್ಣಿಗೆ ಬೀಳುವುದು ಮತ್ತೆ ಹೆಚ್ಚಿದೆ. ಕೈ ಬಿಟ್ಟರೆ ಏನಾಗುತ್ತದೆಂದು ವಾಯ್ಲಿ ತೋರಿಸಿಕೊಟ್ಟಿದೆ.

ಹಾಗಾದರೆ ಎಲ್ಲಕ್ಕೂ ಬೇಲಿ ಹಾಕಬಾರದೇಕೆ? ಪ್ರವಾಸದಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ದಕ್ಷಿಣ ಆಸ್ಟ್ರೇಲಿಯಾದ ಯೂಕಮರಾ, ನ್ಯೂ ಸೌತ್ ವೇಲ್ಸ್‌ನ ಸ್ಕೋಷಿಯಾ ಅಭಯಾರಣ್ಯಗಳಲ್ಲಿ ನಂಬ್ಯಾಟ್ ಬದುಕಿರುವುದು ಬೇಲಿಯೊಳಗೇ. ಇಂಥ ಬೇಲಿ ಸಾಮಾನ್ಯವಾಗಿ ಆಳೆತ್ತರಕ್ಕೆ ಏರಿ, ಮೇಲ್ತುದಿ ಹೊರಕ್ಕೆ ಬಾಗಿ ತೊನೆಯುವಂತಿರುತ್ತದೆ. ಹತ್ತಿದ ಬೆಕ್ಕು ತನ್ನ ಭಾರಕ್ಕೇ ಹಿಂದಕ್ಕೆ ಬೀಳಬೇಕು. ಕೆಳಗೆ ಬಲೆಯನ್ನು ಹೊರಕ್ಕೆ ಹಾಸಿರುತ್ತಾರೆ, ಬುಡದಲ್ಲಿ ತೋಡಿದರೆ ಕಾಲಿಗೆ ತಂತಿಯೇ ಸಿಗುತ್ತದೆ. ಒಂದು ಮರ ಮುರಿದು ಬಿದ್ದರೆ, ಒಂದು ಕಾಂಗರೂ ಗುದ್ದಿದರೆ, ನೆರೆಯಲ್ಲಿ ಒಂದು ಗೇಣು ಮಣ್ಣು ಕೊಚ್ಚಿಹೋದರೆ ಸಾಕು. ಒಳಗೆ ನುಗ್ಗಿದ ಒಂದೇ ಬೆಕ್ಕು ವರ್ಷಗಳ ಕೆಲಸವನ್ನು ಹಾಳುಮಾಡುತ್ತದೆ, ಆದ್ದರಿಂದ ಉದ್ದಕ್ಕೂ ನಡೆದು ನೋಡುವ ಕೆಲಸ ಮುಗಿಯುವುದೇ ಇಲ್ಲ. ಒಳಗಿನ ಪ್ರಾಣಿಗಳು ಹೆಚ್ಚಿ ಗಿಡ ಬೋಳಿಸುವುದೂ ಉಂಟು, ಬೂಡಿಗಳಲ್ಲಿ ಇದು ಮತ್ತೆ ಮತ್ತೆ ಕಂಡ ತೊಂದರೆ. ಇನ್ನೂ ದೊಡ್ಡದು, ತಲೆಮಾರುಗಟ್ಟಲೆ ವೈರಿಯನ್ನೇ ನೋಡದ ಪ್ರಾಣಿ ಹೆದರುವುದನ್ನು ಮರೆಯುತ್ತದೆ. ಹೊರಗೆ ಬಿಟ್ಟ ಮೊದಲ ವಾರದಲ್ಲೇ ಬೆಕ್ಕಿನ ಬಾಯಿಗೆ ಬೀಳುತ್ತದೆ. ಪರ್ತ್ ಮೃಗಾಲಯದಲ್ಲಿ ಹುಟ್ಟಿ ಬೆಳೆದ ನಂಬ್ಯಾಟ್‌ಗಳನ್ನು ಕಾಡಿಗೆ ಬಿಡುವಾಗಲೂ ಇದೇ ಚಿಂತೆ. ಬೇಲಿ ಬೇಕು, ತಳಿ ಉಳಿಯಲು. ಬೇಲಿಯಿಲ್ಲದ ಕಾಡೂ ಬೇಕು, ಪ್ರಾಣಿ ಪ್ರಾಣಿಯಾಗಿ ಉಳಿಯಲು. ಬಾರ್ನಾ ಮಿಯಾದ ರಾತ್ರಿಗೆ ಕೊಟ್ಟಷ್ಟೇ ಬೆಲೆಯನ್ನು ವಾಂಡೂ ಕಾಡಿನ ಖಾತ್ರಿಯಿಲ್ಲದ ಹಗಲಿಗೂ ಕೊಡಿ ಎಂದು ಒತ್ತಾಯಿಸುವುದು ಈ ಕಾರಣಕ್ಕೆ.

ಪರ್ತ್‌ನಲ್ಲಿರುವ ಕನ್ನಡಿಗರು, ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ, ಒಂದೇ ದಿನದಲ್ಲಿ ಮುಗಿಸಿ ಬರುವ ಯೋಚನೆ ಬಿಡಿ. ರಾತ್ರಿ ಪ್ರವಾಸ ಮುಗಿಸಿ ಹೊರಟರೆ ದಾರಿಯುದ್ದಕ್ಕೂ ಕಾಂಗರೂಗಳು ರಸ್ತೆಗೆ ನುಗ್ಗುವ ಹೊತ್ತು. ವಿಲೇಜ್‌ನಲ್ಲೋ ನ್ಯಾರೊಜಿನ್‌ನಲ್ಲೋ ಉಳಿಯುವುದೇ ಸರಿ. ಕಾಡಿನ ರಸ್ತೆಗಳಲ್ಲಿ ಗುಂಡುಗುಂಡಾದ ಜಲ್ಲಿ ಮಣ್ಣಿದೆ, ತಿರುವಿನಲ್ಲಿ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತದೆ. ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ, ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ಪೆಟ್ರೋಲ್, ನೀರು, ಊಟ ಪಟ್ಟಣದಲ್ಲೇ ತುಂಬಿಕೊಳ್ಳಿ. ಬೂಟಿನ ಅಡಿಯ ಮಣ್ಣನ್ನು ಬರುವ ಮುಂಚೆಯೂ ಹೋಗುವ ಮುಂಚೆಯೂ ಕೆರೆದು ತೆಗೆಯಬೇಕು. ಫೈಟಾಫ್ತೊರಾ ಎಂಬ ಬೇರು ಕೊಳೆಸುವ ರೋಗಾಣು ಹಸಿ ಮಣ್ಣಿನಲ್ಲೇ ಕಾಡಿನಿಂದ ಕಾಡಿಗೆ ಸಾಗುವುದು. ನಾಯಿಯನ್ನು ಕರೆದುಕೊಂಡು ಹೋಗುವಂತಿಲ್ಲ. 1080 ಆಮಿಷ ತಿಂದ ನಾಯಿಗೆ ಮದ್ದಿಲ್ಲ.

ನಂಬ್ಯಾಟ್ ಕಂಡರೆ ಅದನ್ನು ಇಲಾಖೆಗೆ ತಿಳಿಸಿ. ದಿಮ್ಮಿಯೊಳಗೆ ಅಡಗುವ ಪ್ರಾಣಿಯನ್ನು ಎಣಿಸುವುದು ಕಷ್ಟ, ಸಂದರ್ಶಕರ ವರದಿಗಳು ನಿಜಕ್ಕೂ ಲೆಕ್ಕಕ್ಕೆ ಬರುತ್ತವೆ. ದಿನಾಂಕ, ಗಂಟೆ, ಫೋನ್ ತೋರಿಸುವ ಅಕ್ಷಾಂಶ ರೇಖಾಂಶ, ಎಷ್ಟು ಪ್ರಾಣಿ, ಮರಿಯೋ ದೊಡ್ಡದೋ, ಏನು ಮಾಡುತ್ತಿತ್ತು ಎಂದು ಅಲ್ಲೇ ಬರೆದುಕೊಳ್ಳಿ. ಸಾಧ್ಯವಾದರೆ ಹಿಂಭಾಗದ ಪಟ್ಟೆಗಳು ಪಕ್ಕದಿಂದ ಕಾಣುವ ಫೋಟೋ ತೆಗೆಯಿರಿ. ಪಟ್ಟೆಗಳ ಸಂಖ್ಯೆ, ಅಗಲ ಪ್ರಾಣಿಯಿಂದ ಪ್ರಾಣಿಗೆ ಬೇರೆ. ಎದೆ ಕಾಣುವಂತಿದ್ದರೆ ಅದನ್ನೂ ಗಮನಿಸಿ. ಬೇಸಿಗೆಯಲ್ಲಿ ಗಂಡಿನ ಎದೆಯ ಗ್ರಂಥಿಯಿಂದ ಒಸರುವ ಎಣ್ಣೆ ಕೂದಲಿಗೆ ಹತ್ತಿ ತುಕ್ಕುಬಣ್ಣದ ಕಲೆಯಾಗಿರುತ್ತದೆ, ಗಂಡೆಂದು ದೂರದಿಂದ ಹೇಳಲು ಅದು ನಂಬಬಹುದಾದ ಗುರುತು. ರಸ್ತೆಯಲ್ಲಿ ಸತ್ತು ಬಿದ್ದದ್ದು ಕಂಡರೂ ತಿಳಿಸಬೇಕು. ಕಾರಿಗೆ ಸಿಕ್ಕಿತೋ ಬೆಕ್ಕಿಗೆ ಬಲಿಯಾಯಿತೋ ಎಂಬುದು ಆ ದೇಹದಿಂದಲೇ ಗೊತ್ತಾಗುವುದು, ಮುಂದಿನ ಬೋನನ್ನು ಎಲ್ಲಿಡಬೇಕೆಂಬುದೂ ಅದರಿಂದಲೇ.